ಅನಾನಸ್ ಗೊಜ್ಜಿನ ಮಂಪರು

ಕೆಲವರಿಗೆ ಹೋದಲ್ಲೆಲ್ಲ ಹಾವು ಕಾಣಿಸುತ್ತದಂತೆ. ಕೆಲವರಿಗೆ ಹೋದಲ್ಲೆಲ್ಲ ದೂರದ ನೆಂಟರು ಸಿಗುತ್ತಾರಂತೆ. ನನಗೆ ಅವೆರಡರ ಕಾಟವೂ ಇಲ್ಲ. ನನ್ನದು ಅನಾನಸ್ ಹಣ್ಣಿನ ಗೊಜ್ಜು. ಅದು ಒಲೆಯ ಮೇಲೆ ಕೂತಿತೆಂದರೆ ಆವತ್ತು ಏನೋ ಒಂದು ಎಡವಟ್ಟು ನಡೆದೇ ತೀರುತ್ತದೆ.

ಅನಾನಸ್ ನಮ್ಮ ದುರ್ಗದ ಕಡೆಯ ಹಣ್ಣಲ್ಲ. ನಮ್ಮದು ಶೇಂಗಾ, ರಾಗಿ, ಮೆಕ್ಕೆಜೋಳದ ನೆಲ. ಅದು ಮಲೆನಾಡಿನಿಂದ ಲಾರಿ ಹತ್ತಿ ಬರುತ್ತದೆ, ಬಸ್‌ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯ ಮೇಲೆ ಜುಟ್ಟು ಕೆದರಿಕೊಂಡು ಕೂರುತ್ತದೆ. ಮದುವೆ ಊಟದಲ್ಲಿ ಎಲೆಯ ಮೇಲೆ ಒಂದು ಸೌಟು ಗೊಜ್ಜು ಬೀಳುತ್ತದಲ್ಲ, ಅಷ್ಟೇ ನಮಗೂ ಅದಕ್ಕೂ ಇದ್ದ ಪರಿಚಯ. ನನ್ನ ಹೆಂಡತಿ ಹೊಸದುರ್ಗದವಳು, ಅದನ್ನು ಮನೆಯಲ್ಲೇ ಮಾಡಬಲ್ಲವಳು. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನಾನು ನೀರಾವರಿ ಕಡೆಯ ಗುಮಾಸ್ತ. ಇಬ್ಬರನ್ನೂ ಜಿಲ್ಲೆಯೊಳಗೇ ಆ ಊರು ಈ ಊರು ಅಂತ ಸುತ್ತಿಸಿದರು. ಅವಳ ಡ್ಯೂಟಿ ಯಾವಾಗ ಮುಗಿಯುತ್ತದೋ ಹೇಳೋ ಹಾಗಿರಲಿಲ್ಲವಾದ್ದರಿಂದ ಅಡಿಗೆಮನೆ ನಿಧಾನಕ್ಕೆ ನನ್ನ ಹೆಸರಿಗೆ ಆಯಿತು.

ಗೊಜ್ಜು ಮಾಡುವಾಗ ಒಂದು ಘಳಿಗೆ ಬರುತ್ತದೆ. ಹಣ್ಣು ಬೆಂದು ಹಳದಿ ಬಣ್ಣ ಗಾಢವಾಗಿರುತ್ತದೆ. ಹುರಿದ ಎಳ್ಳು, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಬಿದ್ದಿರುತ್ತದೆ. ಹುಣಸೆರಸದ ಮೇಲೆ ಬೆಲ್ಲದ ಉಂಡೆ ಮೆಲ್ಲಗೆ ಕರಗಿ ಕೂರುತ್ತದೆ. ಆಮೇಲೆ ಗೊಜ್ಜು ಲೊಟಕ್, ಲೊಟಕ್ ಅಂತ ನಿಧಾನಕ್ಕೆ ಕುದಿಯಲು ಶುರು. ಆ ಸದ್ದು, ಆ ವಾಸನೆ ಎರಡೂ ಸೇರಿದರೆ ನಾನು ಅಲ್ಲಿರುವುದಿಲ್ಲ. ಸೌಟು ಕೈಯಲ್ಲಿರುತ್ತದೆ, ನಾನು ಎಲ್ಲೋ ಒಂದು ತಂಪಾದ ಕಡೆ ಹೋಗಿಬಿಟ್ಟಿರುತ್ತೇನೆ. ವಾಪಸ್ಸು ಬರುವಷ್ಟರಲ್ಲಿ ಇಲ್ಲಿ ಏನಾದರೂ ಆಗಿರುತ್ತದೆ.

ಅಪ್ಪನ ಬೀಜ

ಮದುವೆಯಾದ ಹೊಸತು. ಹಿರೇಗುಂಟನೂರಿನ ನಮ್ಮ ಮನೆಗೆ ಹೊಸ ಸೊಸೆ ಬಂದಿದ್ದಳು. ನಮ್ಮವ್ವನ ಪ್ರಕಾರ ಜಗತ್ತಿನಲ್ಲಿ ಇರೋದು ಎರಡೇ ಅಡಿಗೆ, ಖಾರದ್ದು ಮತ್ತು ಸಿಹಿಯದ್ದು. ಖಾರದ್ದು ದಿನಾ, ಸಿಹಿಯದ್ದು ಹಬ್ಬಕ್ಕೆ. ಎರಡನ್ನೂ ಒಂದೇ ಪಾತ್ರೆಗೆ ಹಾಕುವುದೆಂದರೆ ಅತ್ತೆ ಸೊಸೆಯನ್ನು ಒಂದೇ ಚಾಪೆಯ ಮೇಲೆ ಮಲಗಿಸಿದ ಹಾಗೆ.

ನನ್ನ ಹೆಂಡತಿ ಅದನ್ನೇ ಮಾಡಿದಳು. ತವರಿನಿಂದ ಬರುವಾಗ ತಂದಿದ್ದ ಅನಾನಸ್ ಹೆಚ್ಚಿ ಗೊಜ್ಜು ಕಾಯಿಸಿದಳು. ಅವ್ವ ಬೆರಳಿಗೆ ಹಚ್ಚಿಕೊಂಡು ನೆಕ್ಕಿದಳು. ಮತ್ತೊಂದು ಸಲ ನೆಕ್ಕಿದಳು.

"ಇದೇನವ್ವ ಇದು? ಬಾಯಿಗೆ ಬಿದ್ದ ತಕ್ಷಣ ಮುದ್ದು ಮಾಡ್ತೈತೆ, ಗಂಟಲಿಗೆ ಇಳಿಯೋವಾಗ ಬೈತೈತೆ."

ಹುಡುಗಿಯ ಕಣ್ಣು ತುಂಬಿ ಬಂತು. ಮೊದಲನೇ ಅಡಿಗೆ, ಮೊದಲನೇ ಮಾತು. ನಾನು ಬಾಗಿಲ ಹತ್ತಿರ ನಿಂತು ಯಾರ ಕಡೆ ಮಾತಾಡಲಿ ಅಂತ ಗೊತ್ತಾಗದೆ ಸೂರು ನೋಡುತ್ತಿದ್ದೆ.

ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದ. ಅಪ್ಪ ಊಟದ ಬಗ್ಗೆ ಯಾವತ್ತೂ ಒಂದು ಮಾತು ಆಡಿದವನಲ್ಲ. ಉಪ್ಪು ಮರೆತರೂ ಉಣ್ಣುತ್ತಿದ್ದ, ಎರಡು ಸಲ ಹಾಕಿದರೂ ಉಣ್ಣುತ್ತಿದ್ದ. ಅವ್ವ ಬೇಕಂತಲೇ ಅವನ ಗಂಗಾಳಕ್ಕೆ ಮುದ್ದೆ ಇಟ್ಟು ಪಕ್ಕದಲ್ಲಿ ಗೊಜ್ಜು ಸುರಿದಳು. ಅಪ್ಪ ಮುದ್ದೆ ಮುರಿದು ಅದ್ದಿ ನುಂಗಿದ. ನುಂಗಿದವನು ಸುಮ್ಮನೆ ಕೂತುಬಿಟ್ಟ. ಬಾಗಿಲಾಚೆ ಬೇವಿನ ಮರದ ನೆರಳು ಅಲ್ಲಾಡುತ್ತಿತ್ತು. ಅಪ್ಪ ಅದನ್ನೇ ನೋಡುತ್ತಾ, ನೋಡುತ್ತಾ, ಗಂಗಾಳ ಬಳಿದು, ಪಾತ್ರೆಯಲ್ಲಿದ್ದದ್ದನ್ನೂ ಬಳಿದು, ಕೊನೆಗೆ ಬಾಯಿ ಬಿಟ್ಟ.

"ಈ ಕುಂಬಳಕಾಯಿ ಯಾರ ಹೊಲದ್ದು?"

ಅಷ್ಟು ವರ್ಷದಲ್ಲಿ ಮೊದಲ ಸಲ ಊಟದ ಬಗ್ಗೆ ಮಾತಾಡಿದವನಿಗೆ ಅದು ಕುಂಬಳಕಾಯಿ ಅಲ್ಲ ಅಂತ ಹೇಳೋದು ಹೇಗೆ?

"ಯಾರ ಹೊಲದ್ದಾದ್ರೂ ಆಗ್ಲಿ, ಬೀಜ ಇಸ್ಕಂಡು ಬಾ" ಅಂದು ಕೈ ತೊಳೆಯಲು ಎದ್ದ.

ಅವ್ವ ಸೊಸೆಯ ಮುಖ ನೋಡಿದಳು. ಸೊಸೆ ಅವ್ವನ ಮುಖ ನೋಡಿದಳು. ಅವರಿಬ್ಬರೂ ಒಂದಾಗಿದ್ದು ಆ ಹೊತ್ತಿಗೆ. ಅವ್ವ ಗೂಡಿನಲ್ಲಿದ್ದ ಸಿಹಿಗುಂಬಳದ ಬೀಜ ತಂದು ಕೊಟ್ಟಳು. ಅಪ್ಪ ಹಿತ್ತಲಲ್ಲಿ ಪಾತಿ ಮಾಡಿದ, ಗೊಬ್ಬರ ಹಾಕಿದ, ಮಗುವಿನ ಹಾಗೆ ನೋಡಿಕೊಂಡ. ಬಳ್ಳಿ ಬೇಲಿ ಹತ್ತಿ, ಕಾಯಿ ಬಿಟ್ಟು, ಹಣ್ಣಾಯಿತು. ಅತ್ತೆ ಸೊಸೆ ಸೇರಿ ಅದೇ ಮಸಾಲೆಯಲ್ಲಿ ಗೊಜ್ಜು ಮಾಡಿ ಬಡಿಸಿದರು. ಅಪ್ಪ ಮುದ್ದೆ ಅದ್ದಿ ನುಂಗಿ ಬಹಳ ಹೊತ್ತು ಯೋಚಿಸಿ ಹೇಳಿದ:

"ಬೀಜ ಏನೋ ಅದೇ. ಆದ್ರೆ ಆ ಹೊಲದ ಮಣ್ಣೇ ಬ್ಯಾರೆ ಬಿಡು."

ಡೋಸು

ಹೊಳಲ್ಕೆರೆಯಲ್ಲಿದ್ದಾಗ ನಾನು ಗೊಜ್ಜು ಮಾಡಲು ಕಲಿತೆ. ಕಲಿಸಿದ್ದು ಹೆಂಡತಿ, ಫೋನಿನಲ್ಲಿ, ಆಸ್ಪತ್ರೆಯ ವಾರ್ಡಿನಿಂದ. ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನು ಅವಳ ಕೂದಲೊಳಗೆ ಮುಚ್ಚಿಹೋಗಿರುತ್ತಿತ್ತು. ಕೈ ಅಲ್ಲಿ ಕೆಲಸ ಮಾಡುತ್ತಿತ್ತು, ಬಾಯಿ ನನ್ನ ಅಡಿಗೆಮನೆಯಲ್ಲಿರುತ್ತಿತ್ತು.

ಆ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜ ಇದ್ದ. ಜ್ವರ ಬಿಟ್ಟಿತ್ತು, ಆದರೆ ಬಾಯಿರುಚಿ ವಾಪಸ್ಸು ಬಂದಿರಲಿಲ್ಲ. ಗಂಜಿ ಕೊಟ್ಟರೆ ಗೋಡೆ ಕಡೆ ತಿರುಗುತ್ತಿದ್ದ, ಇಡ್ಲಿ ಕೊಟ್ಟರೆ ಕಣ್ಣು ಮುಚ್ಚುತ್ತಿದ್ದ. ಅಜ್ಜಿ ಪಕ್ಕದಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಹಿಂಗೆ ಉಣ್ಣದಿದ್ರೆ ಮನುಷ್ಯ ಉಳೀತಾನೇನವ್ವ?" ಅಂತ ಬಂದ ಬಂದವರನ್ನೆಲ್ಲ ಕೇಳುತ್ತಿದ್ದಳಂತೆ.

ನನ್ನ ಹೆಂಡತಿ ಅಜ್ಜನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾ ನನಗೆ ಹೇಳುತ್ತಿದ್ದಳು.

"ಮೊದ್ಲು ಅನಾನಸ್ ಸಣ್ಣಕೆ ಹೆಚ್ಚಿ ಅರಿಶಿನ ಹಾಕಿ ಬೇಯಿಸ್ಕಳ್ರಿ. ಕಡ್ಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ, ಎಳ್ಳು, ಕೊಬ್ಬರಿ ಹುರಿದು ಪುಡಿ ಮಾಡ್ಕಳ್ರಿ. ಹುಣಸೆರಸ ಬಿಡ್ರಿ. ಬೆಲ್ಲ ಮಾತ್ರ ಜಿಪುಣತನ ಮಾಡಬ್ಯಾಡ್ರಿ. ಬಿಸಿ ಅನ್ನಕ್ಕೆ ಕಲಸಿ ತಿನ್ರಿ. ಮತ್ತೆ ಒಂದು ಮಾತು, ಒಲೆ ಮುಂದೆ ಕನಸು ಕಾಣ್ತಾ ನಿಂತ್ಕಬ್ಯಾಡ್ರಿ, ತಳ ಹಿಡೀತದೆ."

ಅಜ್ಜಿ ಬಾಯಿ ತೆರೆದುಕೊಂಡು ಕೇಳಿದಳು. ಸಿಸ್ಟರ್ ಎಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಾಳೆ! ಸಂಜೆಯೇ ಮನೆಗೆ ಓಡಿ ಮಾಡಿ ತಂದಳು.

ಮರುದಿನ ಡಾಕ್ಟರು ರೌಂಡ್ಸಿಗೆ ಬಂದರೆ ಅಜ್ಜ ದಿಂಬಿಗೆ ಒರಗಿ ಕೂತಿದ್ದಾನೆ. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಮೀಸೆಗೆ ಅನ್ನದ ಅಗಳು. ಕಿಟಕಿಯ ಬಿಸಿಲಲ್ಲಿ ಕಣ್ಣು ಅರೆಮುಚ್ಚಿ, ಯಾವುದೋ ಹಳೆಯ ಮದುವೆಯ ಪಂಕ್ತಿಯಲ್ಲಿ ಕೂತವನ ಹಾಗೆ ಮೆಲ್ಲುತ್ತಿದ್ದಾನೆ.

"ಪರವಾಗಿಲ್ವೇ! ಯಾವ ಮಾತ್ರೆ ಕೆಲಸ ಮಾಡ್ತು?" ಡಾಕ್ಟರು ಕೇಳಿದರು.

"ಮಾತ್ರೆ ಅಲ್ರಿ ಸಾರ್, ಸಿಸ್ಟರ್ ಹೇಳಿದ ಔಷಧಿ" ಅಂದಳು ಅಜ್ಜಿ. "ಮೆಡಿಕಲ್ ಶಾಪಲ್ಲಿ ಇರ್ಲಿಲ್ಲ, ಸಂತೇಲಿ ಸಿಕ್ತು. ಎಲ್ಲಾ ಅವರು ಹೇಳ್ದಂಗೇ ಮಾಡಿದೀನ್ರಿ. ಒಲೆ ಮುಂದೆ ಕನಸೂ ಕಾಣ್ಲಿಲ್ಲ."

ನನ್ನ ಹೆಂಡತಿಗೆ ಆಗ ಹೊಳೆಯಿತು. ಮುಖ ಕೆಂಪಗೆ ಮಾಡಿಕೊಂಡು ನಿಂತಳು. ಡಾಕ್ಟರು ಅವಳನ್ನೂ ನೋಡಿದರು, ಡಬ್ಬಿಯನ್ನೂ ನೋಡಿದರು. ಗದರುತ್ತಾರೆ ಅಂದುಕೊಂಡರೆ ಗಂಭೀರವಾಗಿ ಕೇಳಿದರು, "ಇದು ಊಟಕ್ಕೆ ಮುಂಚೆ ಕೊಡಬೇಕೋ, ಊಟ ಆದ ಮೇಲೋ ಸಿಸ್ಟರ್?"

ಉತ್ತರ ಕೊಟ್ಟಿದ್ದು ಮಂಚದ ಮೇಲಿನ ಅಜ್ಜ.

"ಊಟದ ಜೊತೆಗೇ ಸಾರ್. ಡೋಸು ಮಾತ್ರ ಸ್ವಲ್ಪ ಜಾಸ್ತಿ ಮಾಡ್ಬೇಕು."

ಆ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಗೊಜ್ಜು ಏನಾಗಿತ್ತು ಅಂತ ಕೇಳಬೇಡಿ. ಅಜ್ಜಿ ಪಾಲಿಸಿದ ಕೊನೆಯ ಸೂಚನೆಯನ್ನು ನನ್ನ ಕೈಲಿ ಪಾಲಿಸಲಾಗಿರಲಿಲ್ಲ.

ಕಟ್ಟೆಯ ಮೇಲೆ ಕೂತವನು

ಮಾರಿಕಣಿವೆಯಲ್ಲಿದ್ದ ದಿನಗಳು ನೆನಪಿಗೆ ಬಂದರೆ ಇವತ್ತಿಗೂ ಕಣ್ಣು ಭಾರವಾಗುತ್ತದೆ. ಎರಡು ಗುಡ್ಡದ ನಡುವೆ ಅಣೆಕಟ್ಟಿನ ನೀರು. ನೀರಿನ ಮೇಲಿಂದ ಗಾಳಿ. ಮಧ್ಯಾಹ್ನವಾದರೆ ಕ್ವಾರ್ಟರ್ಸಿನ ಗಿಡಮರವೆಲ್ಲ ತೂಕಡಿಸುತ್ತಿದ್ದವು. ನಾನು ಗಿಡವೂ ಅಲ್ಲ, ಮರವೂ ಅಲ್ಲ, ಆದರೂ ತೂಕಡಿಸುತ್ತಿದ್ದೆ.

ಪಕ್ಕದ ಮನೆಯಲ್ಲಿ ನನ್ನ ಸಹೋದ್ಯೋಗಿಯ ತಾಯಿ ಇದ್ದರು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸ್ಕೊ ಅಂತ ಮಗ ಹೇಳಿ ಸಾಕಾಗಿದ್ದ. ನನ್ನ ಹೆಂಡತಿ ಹೇಳಿ ಸಾಕಾಗಿದ್ದಳು. "ನನಗೆಲ್ಲಾ ಕಾಣ್ತೈತೆ, ನಿಮಗೇ ಕಾಣಲ್ಲ" ಅನ್ನುತ್ತಿದ್ದರು. ಆ ನಡುವೆ ಎರಡು ಸಲ ಮೆಟ್ಟಿಲು ತಪ್ಪಿ ಬಿದ್ದಿದ್ದರು. ಮೂರನೇ ಸಲ ಏನಾಗುತ್ತದೋ ಅಂತ ಮಗನಿಗೆ ಆಫೀಸಿನಲ್ಲಿ ಕೂತರೂ ಜೀವ ಇಲ್ಲಿರುತ್ತಿತ್ತು.

ಒಂದು ಭಾನುವಾರ ನಾನು ಗೊಜ್ಜು ಮಾಡಿ, ಆರಲಿ ಅಂತ ಪಾತ್ರೆಯನ್ನು ಕಿಟಕಿಯಲ್ಲಿಟ್ಟು, ಹೆಗಲ ಟವೆಲ್ಲನ್ನು ಕಿಟಕಿಯ ಸರಳಿಗೆ ಹಾಕಿ, ಒಳಗೆ ಚಾಪೆಯ ಮೇಲೆ ಉರುಳಿದೆ. ನಿದ್ದೆ ಬಂತೋ, ಬರಲಿಲ್ಲವೋ. ಆ ಎರಡರ ನಡುವಿನ ಜಾಗದಲ್ಲಿ ಇದ್ದೆ. ಹೊರಗಿನಿಂದ ಪಕ್ಕದ ಮನೆಯ ಅಜ್ಜಿಯ ದನಿ ಕೇಳಿಸಿತು.

"ಏನಪ್ಪ, ಊಟ ಆಯ್ತಾ? ಗೊಜ್ಜಿನ ವಾಸನೆ ನಮ್ಮನೆ ತನಕ ಬಂತು. ಕುಂತ್ಕ, ಕುಂತ್ಕ, ಏಳಬ್ಯಾಡ."

ನನ್ನನ್ನೇ ಮಾತಾಡಿಸುತ್ತಿದ್ದಾರೆ. ಹಾಗಾದರೆ ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೇನೆ. ಆ ಮಂಪರಿನಲ್ಲಿ ನನಗೆ ಅದು ಸರಿಯೆಂದೇ ತೋರಿತು. ಗಾಳಿ ತಣ್ಣಗೆ ಬೀಸುತ್ತಿತ್ತು.

"ಮಾತಾಡಬ್ಯಾಡ, ತಿನ್ನು. ನಾನು ಹೇಳೋದು ಕೇಳು. ಎಲ್ಲಾ ಸೇರಿ ಕಣ್ಣಿನ ಆಪರೇಷನ್ ಮಾಡಿಸ್ಕ ಅಂತ ನನ್ನ ಪ್ರಾಣ ತಿಂತಾವ್ರೆ. ನಿನ್ನ ಹೆಂಡ್ತೀನೂ ಸೇರ್ಕಂಡೌಳೆ. ನೀನು ಒಬ್ಬ ಒಳ್ಳೇನು, ಎದುರು ಮಾತಾಡಲ್ಲ. ನೀನೇ ನ್ಯಾಯ ಹೇಳಪ್ಪ. ನನಗೆ ಕಣ್ಣು ಕಾಣಲ್ವಾ? ಇಷ್ಟು ದೂರದಿಂದ ನಿನ್ನ ಮುಖ ಎಷ್ಟು ಚೆನ್ನಾಗಿ ಕಾಣ್ತೈತೆ! ಮೂಗು ಕಾಣ್ತೈತೆ, ಮೀಸೆ ಕಾಣ್ತೈತೆ. ಸ್ವಲ್ಪ ಕಪ್ಪಗಾಗಿದೀಯ. ಬಿಸಿಲಲ್ಲಿ ಓಡಾಡಬ್ಯಾಡ."

ಪಾತ್ರೆಯನ್ನು ಯಾರೋ ಕಲ್ಲಿನ ಮೇಲೆ ಉಜ್ಜಿದ ಸದ್ದಾಯಿತು. ನನ್ನ ಪಾತ್ರೆ! ಎದ್ದು ಬಾಗಿಲಿಗೆ ಬಂದೆ. ಕಟ್ಟೆಯ ಮೇಲೆ ಕರಿಮೂತಿಯ ಒಂದು ದೊಡ್ಡ ಕೋತಿ, ಮುಸುವ, ನನ್ನ ಟವೆಲ್ಲನ್ನು ಹೆಗಲ ಮೇಲೆ ಎಳೆದುಕೊಂಡು, ತೊಡೆಯ ನಡುವೆ ಪಾತ್ರೆ ಇಟ್ಟುಕೊಂಡು, ಬೆರಳು ಚೀಪುತ್ತಾ ಅಜ್ಜಿಯನ್ನೇ ನೋಡುತ್ತಿತ್ತು. ನನ್ನನ್ನು ಕಂಡದ್ದೇ ಟವೆಲ್ ಸಮೇತ ಮರಕ್ಕೆ ಹಾರಿತು.

ಅಜ್ಜಿ ಮರದ ಕಡೆ ನೋಡಿದರು. ಬಾಗಿಲಿನ ಕಡೆ ನೋಡಿದರು.

"ಅಯ್ಯೋ, ನೀನು ಇಲ್ಲಿದೀಯ? ಮತ್ತೆ ಮರ ಹತ್ತಿದೋರು ಯಾರು?"

ನಾನು ಹೇಳಿದೆ. ಅಜ್ಜಿ ಸೀದಾ ಮನೆಗೆ ಹೋದರು. ಮರುದಿನ ಅವರೇ ಮಗನಿಗೆ, "ಆಸ್ಪತ್ರೆಗೆ ಹೋಗಾಣ ನಡಿ" ಅಂದರಂತೆ. ಆಪರೇಷನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ಸೀದಾ ನಮ್ಮ ಮನೆಗೆ ಬಂದು, ನನ್ನನ್ನು ಬೆಳಕಿಗೆ ನಿಲ್ಲಿಸಿ, ಆ ಕಡೆಯಿಂದ ಈ ಕಡೆಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಮಗನ ಕಡೆ ತಿರುಗಿದರು.

"ಆಪರೇಷನ್ ಮಾಡಿಸಿದ್ದು ದಂಡ ಕಣಪ್ಪ. ಆವತ್ತು ಕಂಡಿದ್ದಕ್ಕೂ ಇವತ್ತು ಕಾಣೋದಕ್ಕೂ ಅಂಥಾ ಫರಕೇನೂ ಇಲ್ಲ."

ಬಸ್ಸಿನ ಅಕ್ಷತೆ

ಇದು ಈಚಿನದು. ಹೊಸದುರ್ಗದ ಅತ್ತೆಯ ಮನೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಅತ್ತೆ ಸ್ಟೀಲ್ ಡಬ್ಬಿ ತುಂಬ ಗೊಜ್ಜು ಕೊಟ್ಟಿದ್ದರು. ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಏನೂ ಅವಸರವಿಲ್ಲದೆ ತಿರುಗುತ್ತಿದ್ದವು. ಅವನ್ನೇ ನೋಡುತ್ತಿದ್ದವನಿಗೆ ಡಬ್ಬಿಯ ಮುಚ್ಚಳ ಸಡಿಲವಾದದ್ದು ಗೊತ್ತಾಗಲಿಲ್ಲ.

ವಾಸನೆ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನವರು ಮೂಗು ಎತ್ತಿದರು. ಹಿಂದಿನ ಸೀಟಿನ ಹೆಂಗಸರಿಬ್ಬರು ಯಾರದೋ ಮದುವೆಯ ಮಾತು ತೆಗೆದರು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜ, ಬಿಳಿ ಪಂಚೆ, ಹೊಸ ಶಲ್ಯ, ಹತ್ತಿದಾಗಿನಿಂದ ಗಾಢ ನಿದ್ದೆ. ಹತ್ತುವಾಗಲೇ ಹೇಳಿದ್ದ, "ಮೊಮ್ಮಗಳ ಮದುವೆಗೆ ಹೊಂಟೀನಪ್ಪ. ಹೊತ್ತಾಗಿಬಿಟ್ಟೈತೆ. ಮುಹೂರ್ತ ತಪ್ಪಿದ್ರೆ ನನ್ನ ಜೀವ ಇರಲ್ಲ. ದುರ್ಗ ಬಂದಾಗ ಎಬ್ಬಿಸು." ಜೇಬಿನಲ್ಲಿ ಅಕ್ಷತೆಯ ಪೊಟ್ಟಣ, ಅದರ ಮೇಲೆ ಒಂದು ಕೈ. ನಿದ್ದೆಯಲ್ಲೂ ಆ ಕೈ ತೆಗೆದಿರಲಿಲ್ಲ.

ಆಗಲೇ ನಮ್ಮ ಸೀಟಿನ ಎದುರಿಗೆ ಕಂಡಕ್ಟರಿಗೂ ಒಬ್ಬ ಹೆಂಗಸಿಗೂ ಜಗಳ ಹತ್ತಿತು. ಹೆಂಗಸರಿಗೆ ಟಿಕೆಟ್ ಫ್ರೀ, ಆಧಾರ್ ತೋರಿಸಬೇಕು. ಆಕೆ ತೋರಿಸಿದಳು.

"ಈ ಫೋಟೋ ನಿಮ್ಮದಲ್ಲ" ಅಂದ ಕಂಡಕ್ಟರ್. ವಯಸ್ಸಿನ ಹುಡುಗ.

"ನಂದಲ್ದೆ ನಿಮ್ಮವ್ವಂದಾ?"

"ಇದರಲ್ಲಿ ಸಣ್ಣಕೆ ಅದೀರಿ."

"ಆವಾಗ ಸಣ್ಣಕಿದ್ದೆ! ಈಗ ದಪ್ಪ ಆದೆ! ನಿನಗೇನು ನೋವು?"

ಇಬ್ಬರೂ ಸೊಂಟದ ಮೇಲೆ ಕೈ ಇಟ್ಟು ಎದುರು ಬದುರು ನಿಂತರು. ಬಸ್ಸು ರಸ್ತೆಯ ಉಬ್ಬೊಂದಕ್ಕೆ ಎಗರಿತು. ಡಬ್ಬಿಯ ಮುಚ್ಚಳ ಪೂರ್ತಿ ಬಿಚ್ಚಿಕೊಂಡು ಗೊಜ್ಜಿನ ವಾಸನೆ ಭಗ್ಗನೆ ಎದ್ದಿತು. ಅಜ್ಜ ಗಡಬಡಿಸಿ ಎಚ್ಚರಗೊಂಡ. ಮೂಗಿಗೆ ಮದುವೆ ಊಟ. ಕಣ್ಣೆದುರಿಗೆ ಮುಖಾಮುಖಿ ನಿಂತ ಒಂದು ಗಂಡು, ಒಂದು ಹೆಣ್ಣು. ಸುತ್ತ ಜನ. ಅಜ್ಜನಿಗೆ ಇನ್ನೇನು ಬೇಕು? "ಅಯ್ಯೋ, ಧಾರೆ ಆಗೋಯ್ತಾ!" ಅಂತ ಎದ್ದವನೇ ಪೊಟ್ಟಣ ಬಿಚ್ಚಿ ಇಬ್ಬರ ತಲೆಯ ಮೇಲೂ ಅಕ್ಷತೆ ಸುರಿದ.

"ನೂರು ವರ್ಷ ಚೆನ್ನಾಗಿರ್ರಪ್ಪ!"

ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಅಜ್ಜಾ" ಅಂದಳು ಹೆಂಗಸು, ಕೂದಲಿನಿಂದ ಅಕ್ಕಿ ಕೊಡವುತ್ತಾ, "ನನಗೆ ಮೊಮ್ಮಕ್ಕಳವೆ. ನಾನು ಇವನ ಹತ್ರ ಜಗಳ ಆಡ್ತಾ ಇದೀನಿ."

ಅಜ್ಜ ಕೈ ಎತ್ತಿ ಸಮಾಧಾನ ಮಾಡಿದ.

"ಗಂಡ ಹೆಂಡ್ತಿ ಅಂದ್ಮೇಲೆ ಜಗಳ ಇದ್ದದ್ದೇ ಕಣವ್ವ. ಆದ್ರೆ ಮಂಟಪದಲ್ಲೇ ಶುರು ಮಾಡಬಾರ್ದಿತ್ತು."

ಕಂಡಕ್ಟರ್ ತಲೆಯ ಅಕ್ಕಿ ಕೊಡವಿಕೊಂಡು ಫ್ರೀ ಟಿಕೆಟ್ ಹರಿದು ಕೊಟ್ಟ. ಅಜ್ಜನನ್ನು ಡ್ರೈವರ್ ಸ್ಟ್ಯಾಂಡಿಗೆ ಮೊದಲೇ, ಛತ್ರದ ಎದುರಿಗೇ ಇಳಿಸಿದ. ಮುಹೂರ್ತ ಇನ್ನೂ ಇತ್ತು. ಅಕ್ಷತೆ ಮಾತ್ರ ಖಾಲಿಯಾಗಿತ್ತು. ಆ ಹೆಂಗಸೇ ತನ್ನ ತಲೆಯಲ್ಲಿ ಉಳಿದಿದ್ದನ್ನು ಆರಿಸಿ ಅಜ್ಜನ ಕೈಗೆ ಹಾಕಿ ಕಳಿಸಿದಳು.

ಒಂದು ಮೊಳ ಹೂವು

ನಮ್ಮ ಮಗಳು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಾಳೆ. ಅವಳಿಗೆ ಎರಡು ತೊಂದರೆ. ಒಂದು, ನೂಡಲ್ಸ್ ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ. ಇನ್ನೊಂದು, ಸುಳ್ಳು ಹೇಳಲು ಬರುವುದಿಲ್ಲ. ಮದುವೆಗೆ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ತೊಡಕಾಗಿತ್ತು. ಒಬ್ಬ ಹುಡುಗ, "ನಾನು ಹಾಡ್ತೀನಿ, ಹೆಂಗೈತೆ?" ಅಂತ ಹಾಡಿ ತೋರಿಸಿದ್ದ. ಇವಳು ಹೇಳಿದಳು. ಅವರು ಮತ್ತೆ ಫೋನ್ ಮಾಡಲಿಲ್ಲ.

ಆಮೇಲೆ ಆದಿವಾಲದ ಕಡೆಯ ಹುಡುಗ ಬಂದ. ದಾಳಿಂಬೆ ತೋಟ, ಹಿರಿಯೂರಿನಲ್ಲಿ ಡ್ರಿಪ್ ಪೈಪಿನ ಅಂಗಡಿ. ಮಾತು ಬಹಳ ಕಮ್ಮಿ. ಇವಳು ಬರೆದ ಚಿತ್ರಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಒಂದರ ಮುಂದೆ ನಿಂತು, "ಇದರಲ್ಲಿ ಗಾಳಿ ಐತೆ" ಅಂದನಂತೆ. ಆವತ್ತಿನಿಂದ ನಮ್ಮ ಹುಡುಗಿ ಊಟಕ್ಕೆ ಕರೆದರೆ ಎರಡು ಸಲ ಕರೆಯಬೇಕಾಗುತ್ತಿತ್ತು. ಕನಸು ಕಾಣುವ ಕಾಯಿಲೆ ವಂಶದಲ್ಲೇ ಇದೆ ಅಂತ ಹೆಂಡತಿ ನನ್ನ ಕಡೆ ನೋಡಿದಳು.

ಹುಡುಗನಿಗೆ ಒಪ್ಪಿಗೆ, ಅವನ ತಂದೆತಾಯಿಗೆ ಒಪ್ಪಿಗೆ. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅಜ್ಜಿಯದು. ಅಜ್ಜಿ ಎಲ್ಲಿಗೆ ಹೆಣ್ಣು ನೋಡಲು ಹೋದರೂ ಚೀಲದಲ್ಲಿ ಹೂವು ಇಟ್ಟುಕೊಂಡು ಹೋಗುತ್ತಾರೆ. ಒಪ್ಪಿಗೆಯಾದರೆ ಅಲ್ಲೇ ಮುಡಿಸುತ್ತಾರೆ, ಸಂಬಂಧ ಗಟ್ಟಿ. ಇಲ್ಲದಿದ್ದರೆ ಹೂವು ಚೀಲದಲ್ಲೇ ವಾಪಸ್ಸು. ಇದುವರೆಗೆ ಹೋದ ಮನೆಯಿಂದೆಲ್ಲ ಹೂವು ವಾಪಸ್ಸೇ ಹೋಗಿದೆ ಅಂತ ಸಂಬಂಧ ತಂದ ನಮ್ಮ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ, ನಮ್ಮನ್ನು ಮೊದಲೇ ಹೆದರಿಸಿದ್ದ.

ಅಜ್ಜಿ ಬರುವ ದಿನ ಹೆಂಡತಿಗೆ ಮಧ್ಯಾಹ್ನದವರೆಗೆ ಡ್ಯೂಟಿ. ಗೊಜ್ಜು ನಾನೇ ಮಾಡಿದೆ. ಆವತ್ತು ಬೆಲ್ಲ ಕರಗುತ್ತಿದ್ದಾಗ ನಾನು ಎಲ್ಲಿಗೂ ಹೋಗಲಿಲ್ಲ, ಅಥವಾ ಹೋಗಿದ್ದರೂ ಒಂದು ಮದುವೆ ಚಪ್ಪರದವರೆಗೆ ಮಾತ್ರ. ಗೊಜ್ಜಿಗೆ ಹಣ್ಣಿನ ಹುಳಿ, ಬೆಲ್ಲ, ಖಾರ ಮೂರೂ ಹೊಂದಿಕೊಂಡು ಕೂತವು. ಅಂಥದ್ದು ಎಲ್ಲೋ ಅಪರೂಪಕ್ಕೆ ಆಗುತ್ತದೆ.

ಎಲ್ಲರೂ ಎಲೆಯ ಮುಂದೆ ಕೂತರು. ಅಜ್ಜಿ ದೇವರ ಗೂಡಿನ ದೀಪದ ಎದುರಿಗೇ ಕೂತರು. ಕೋಸಂಬರಿ ಮುಟ್ಟಿದರು, ಬಿಟ್ಟರು. ಪಲ್ಯ ಮುಟ್ಟಿದರು, ಬಿಟ್ಟರು. ನನ್ನ ಮಗಳ ಮುಖ ಸಣ್ಣಗಾಗುತ್ತಾ ಹೋಯಿತು. ಅಜ್ಜಿ ಅನ್ನಕ್ಕೆ ಗೊಜ್ಜು ಕಲಸಿ ಒಂದು ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಯೇ ಇದ್ದರು. ಗಾಬರಿಯಾಗಿ ನನ್ನ ಹೆಂಡತಿ ನಾಡಿ ಹಿಡಿಯಲು ಕೈ ಚಾಚಿದಳು.

ಅಜ್ಜಿ ಕಣ್ಣು ಬಿಟ್ಟರು. ಕಣ್ಣು ಒದ್ದೆಯಾಗಿತ್ತು.

"ನಮ್ಮವ್ವ ಹೋದ್ಮೇಲೆ ಈ ರುಚಿ ಕಂಡಿರ್ಲಿಲ್ಲ. ಒಂದು ಘಳಿಗೆ ಅವಳ ಅಡಿಗೆಮನೇಲೇ ಕುಂತಿದ್ದೆ. ಯಾರು ಮಾಡಿದ್ದು ಇದನ್ನ?"

"ಎಲ್ಲಾ ಹುಡುಗೀನೇ ಮಾಡಿದ್ದು!" ಅಂತ ಷಡ್ಡಕ ಕೂಗಿದ.

"ಹಂಗಾದ್ರೆ ಕೇಳ್ರಿ ಎಲ್ಲಾರೂ" ಅಂದರು ಅಜ್ಜಿ. ಚೀಲದಿಂದ ಬಾಳೆಎಲೆಯ ಪೊಟ್ಟಣ ತೆಗೆದರು. "ಈ ದೀಪದ ಮುಂದೆ ಹೇಳ್ತೀನಿ. ಈ ಗೊಜ್ಜು ಮಾಡಿದೋರಿಗೇ ನಾನು ಹೂ ಮುಡಿಸೋದು. ಬಾರವ್ವ."

ಷಡ್ಡಕ ನನ್ನ ಕಡೆ ನೋಡಿ ಗೆದ್ದವನ ಹಾಗೆ ನಕ್ಕ. ಹೆಂಡತಿ ಸೆರಗು ಸರಿಮಾಡಿಕೊಂಡಳು. ಮಗಳು ಎದ್ದಳು, ಅಜ್ಜಿಯ ಹತ್ತಿರ ಬಂದಳು, ನಿಂತಳು. ಹೂವನ್ನು ನೋಡಿದಳು, ಹುಡುಗನನ್ನು ನೋಡಿದಳು. ಬೇಡ ಮಗಳೇ, ಇವತ್ತು ಒಂದು ದಿನ ಸುಮ್ಮನಿರು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಅಜ್ಜಿ, ನಾನು ಮಾಡಿದ್ದಲ್ಲ" ಅಂದಳು. "ನನಗೆ ಬರಲ್ಲ. ಅದನ್ನ ಮಾಡಿದ್ದು ನಮ್ಮಪ್ಪ."

ಷಡ್ಡಕ ಹಪ್ಪಳ ಮುರಿದು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಅಜ್ಜಿ ಕೈಯಲ್ಲಿದ್ದ ಹೂವನ್ನೂ, ನನ್ನನ್ನೂ, ದೀಪವನ್ನೂ ಒಂದೊಂದಾಗಿ ನೋಡಿದರು. ಪೊಟ್ಟಣ ಮತ್ತೆ ಚೀಲಕ್ಕೆ ಹೋಯಿತು ಅಂತಲೇ ನಾನು ತಿಳಿದೆ.

"ದೀಪದ ಮುಂದೆ ಆಡಿದ ಮಾತು" ಅಂದರು ಅಜ್ಜಿ. "ಈ ವಯಸ್ಸಿನಲ್ಲಿ ತಪ್ಪಾಕಾಗಲ್ಲ. ಬರ್ರಿ ಬೀಗ್ರೇ, ಇಲ್ಲಿ ಕುಂತ್ಕಳ್ರಿ."

"ನಾನಾ?"

"ಮತ್ತೆ? ಗೊಜ್ಜು ಮಾಡಿದೋರು ನೀವೇ ಅಲ್ವಾ?"

ಮಣೆಯ ಮೇಲೆ ಕೂತೆ. ಇನ್ನೇನು ಮಾಡಲಿ? ಪಂಚೆ ಸರಿಮಾಡಿಕೊಂಡು ತಲೆ ತಗ್ಗಿಸಿದೆ. ನಾಚಿಕೆ ನಟಿಸಬೇಕಾಗಲಿಲ್ಲ, ತಾನಾಗಿಯೇ ಬಂತು. ಅಜ್ಜಿ ಹಣೆಗೆ ಕುಂಕುಮ ಇಟ್ಟರು. ಹೂವಿನ ದಂಡೆ ಹಿಡಿದು ನನ್ನ ತಲೆಯ ಮೇಲೆ ಕೈಯಾಡಿಸಿದರು. ಎಡಗಡೆ ಹುಡುಕಿದರು. ಬಲಗಡೆ ಹುಡುಕಿದರು. ನೆತ್ತಿ ಪೂರ್ತಿ ಬೋಳು. ಹಿಂದುಗಡೆ ಉಳಿದಿರುವ ನಾಲ್ಕು ಕೂದಲಿಗೆ ಸಿಕ್ಕಿಸಿದರೆ ಹೂವು ಜಾರಿ ನನ್ನ ಮಡಿಲಿಗೆ ಬಿತ್ತು. ಮತ್ತೆ ಸಿಕ್ಕಿಸಿದರು, ಮತ್ತೆ ಜಾರಿತು. ನನ್ನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಯಾರೂ ನಗುವಂತಿಲ್ಲ, ಯಾರೂ ಅಳುವಂತಿಲ್ಲ. ಮಗಳು ಮಾತ್ರ ಬರಿಗೈಯಲ್ಲಿ, ಬರಿತಲೆಯಲ್ಲಿ ಪಕ್ಕದಲ್ಲಿ ನಿಂತಿದ್ದಳು.

ಆಗ, ಬಂದಾಗಿನಿಂದ ಬಾಯಿ ಬಿಡದಿದ್ದ ಹುಡುಗ, ಎಲೆಯ ಮುಂದೆ ಕೂತಲ್ಲಿಂದಲೇ ಮೆಲ್ಲಗೆ ಕೇಳಿದ.

"ಅಜ್ಜೀ, ಒಂದು ಮೊಳ ಹೂವು ಏನಾದ್ರೂ ಉಳಿತದಾ?"

ಅಜ್ಜಿ ಮೊಮ್ಮಗನನ್ನು ನೋಡಿದರು. ಅವನು ಯಾರ ಕಡೆ ನೋಡುತ್ತಿದ್ದಾನೆ ಅಂತಲೂ ನೋಡಿದರು. ಆಮೇಲೆ ನನ್ನ ಮಡಿಲಿನಿಂದ ದಂಡೆ ಎತ್ತಿಕೊಂಡು, ನನ್ನ ನೆತ್ತಿಯನ್ನು ಇನ್ನೊಂದು ಸಲ ಸವರಿ, ಮಗಳ ಜಡೆಗೆ ಕೈ ಹಾಕಿದರು.

"ಪೂರ್ತಿ ಉಳಿದೈತೆ ಕಣಪ್ಪ. ಇವರ ತಲೇಲಿ ಅದು ಖರ್ಚಾಗಾಕೆ ಜಾಗ ಎಲ್ಲೈತೆ?"